ಗಾದ್ರಮ್ಮ, ನಲವತ್ನಾಲ್ಕು, ಸೊಕ್ಕೆ

ಚನ್ನಗಿರಿ
೧೪-೧೧-೨೦೨೫

ಚಿಕ್ಕಮ್ಮನವರಿಗೆ ದುರ್ಗಾಂಬಿಕಾ ಮಾಡುವ ನಮಸ್ಕಾರಗಳು.

ಮೊದಲು ಸಾರಿ. ಹಾಸ್ಟೆಲ್ ಸೇರಿದ ಮೇಲೆ ಒಂದು ಸಾಲೂ ಬರೆಯದವಳು ಈಗ ಇದ್ದಕ್ಕಿದ್ದಂತೆ ಬರೆಯುತ್ತಿದ್ದೇನೆ, ಅದೂ ಬರೆಯಬಾರದ ವಿಷಯ. ಬರೆದು ಬರೆದು ಹಾಳೆ ಹರಿದು ಹಾಕಿದೆ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫಸ್ಟ್ ಇಯರ್‌ನವರ ಮೊಬೈಲ್ ಎಲ್ಲ ವಾರ್ಡನ್ ಬೀರುವಿನಲ್ಲಿವೆ. ಭಾನುವಾರ ಅವರ ಟೇಬಲ್ ಮುಂದೆ ನಿಂತೇ ಮಾತಾಡಬೇಕು, ಹಿಂದೆ ಕ್ಯೂ ಇರುತ್ತದೆ. ಅಲ್ಲಿ ನಿಂತು ಇದನ್ನು ಹೇಗೆ ಕೇಳಲಿ?

ನಮ್ಮ ಲ್ಯಾಬಿನಲ್ಲಿ ಒಂದು ಸ್ಟಡಿ ನಡೆಯುತ್ತಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕಿನ ಹಳ್ಳಿಗಳಲ್ಲಿ ಕ್ಯಾಂಪ್ ಮಾಡಿ ರಕ್ತ ತರುತ್ತಾರೆ. ಲಿವರ್ ಒಳಗೊಳಗೇ ಗಾಯವಾಗಿ ಕಲೆಗಟ್ಟುತ್ತಿದ್ದರೆ ಹೊರಗೆ ಏನೂ ಗೊತ್ತಾಗುವುದಿಲ್ಲವಂತೆ. ಆದರೆ ರಕ್ತಕ್ಕೆ ಗೊತ್ತಿರುತ್ತದೆ. ಅದರಲ್ಲಿ ಕೆಲವು ಪ್ರೋಟೀನ್ ಹೆಚ್ಚಾಗುತ್ತವೆ, ಕೆಲವು ಇಳಿಯುತ್ತವೆ. ಅವನ್ನು ಅಳೆದು ರೋಗ ಹಿಡಿಯಬಹುದಾ ಎಂದು ನೋಡುವುದು. ದೊಡ್ಡ ಕೆಲಸವೆಲ್ಲ ಸುಚಿತ್ರಾ ಮೇಡಂ ಮಾಡುತ್ತಾರೆ. ಟ್ಯೂಬಿಗೆ ಸುತ್ತಿದ ಹೆಸರಿನ ಚೀಟಿ ಬಿಚ್ಚಿ ನಂಬರ್ ಅಂಟಿಸುವುದು ಫಸ್ಟ್ ಇಯರ್‌ನವರ ಕೆಲಸ. ಹೆಸರು ಓದಿ ಮರೆಯಬೇಕು, ಯಾರಿಗೂ ಹೇಳಬಾರದು. ಹೇಳಿದರೆ ಕಾಲೇಜಿನಿಂದ ತೆಗೆಯುತ್ತಾರೆ.

ಮೊನ್ನೆ ಜಗಳೂರಿನ ಬಾಕ್ಸ್ ಬಂತು. ಅದರಲ್ಲಿ ನಮ್ಮೂರಿನ ಟ್ಯೂಬುಗಳೂ ಇದ್ದವು. ಒಂದು ಚೀಟಿಯಲ್ಲಿ ಹೀಗಿತ್ತು: ಗಾದ್ರಮ್ಮ ಕೋಂ ತಿಪ್ಪೇರುದ್ರಸ್ವಾಮಿ, ೪೪, ಸೊಕ್ಕೆ.

ಚಿಕ್ಕಮ್ಮ, ಅವ್ವ ಹೋದಾಗ ಅವಳಿಗೆ ಮೂವತ್ತೇಳು. ಈಗ ಇದ್ದಿದ್ದರೆ ನಲವತ್ನಾಲ್ಕೇ. ತೀರಿಹೋದ ಅಪ್ಪನ ಹೆಸರೂ ಅದೇ.

ನಮ್ಮೂರಲ್ಲಿ ಇನ್ನೊಬ್ಬ ಗಾದ್ರಮ್ಮ ಇದ್ದಾರಾ? ಅವರ ಗಂಡನ ಹೆಸರೂ ತಿಪ್ಪೇರುದ್ರಸ್ವಾಮಿಯೇ? ಇದ್ದೇ ಇರುತ್ತಾರೆ ಎಂದು ಗೊತ್ತು, ಸುಮ್ಮನೆ ಕೇಳುತ್ತಿದ್ದೇನೆ. ನಂಬರ್ ಅಂಟಿಸುವಾಗ ಟ್ಯೂಬ್ ಕೈಯಲ್ಲಿ ಬೆಚ್ಚಗಿದೆ ಅನ್ನಿಸಿತು. ಐಸ್ ಬಾಕ್ಸಿನಿಂದ ಬಂದದ್ದು ಬೆಚ್ಚಗಿರಲು ಸಾಧ್ಯವೇ ಇಲ್ಲ. ನನ್ನ ಕೈಯೇ ಇರಬೇಕು.

ನಿಮ್ಮ
ದುರ್ಗಾಂಬಿಕಾ


ಸೊಕ್ಕೆ
೨೪-೧೧-೨೦೨೫

ದುರ್ಗಿ,

ಕಾಗದ ಬಂತು. ಅದೇನೇ ಚಿಕ್ಕಮ್ಮನವರು, ನಿಮ್ಮ ಅಂತ ಬರೆದೀಯ? ನಾನೇನು ನಿನ್ನ ವಾರ್ಡನ್ನಾ? ಹಾಸ್ಟೆಲ್ ಅನ್ನ ತಿಂದು ತಿಂದು ಚಿಕ್ಕಮ್ಮನಿಗೇ ಬಹುವಚನ ಹಚ್ಚಾಕೆ ಕಲಿತೀಯಲ್ಲ. ಪಕ್ಕದ ಮನೆ ದುರುಗಮ್ಮನಿಗೆ ಓದಿ ಹೇಳಿದ್ರೆ ಬಿದ್ದು ಬಿದ್ದು ನಕ್ಕಳು. ಚೀಟಿ ಮಾತು ಓದಲಿಲ್ಲ, ಮೇಲಿನ ಎರಡು ಸಾಲು ಅಷ್ಟೇ.

ಇಲ್ಲಿ ಎಲ್ಲಾ ಆರಾಮ. ನಿನ್ನ ಚಿಕ್ಕಪ್ಪ ಕುರಿ ಹೊಡ್ಕಂಡು ಹೊನ್ನಾಳಿ ಕಡೆ ಗದ್ದೆ ಬಯಲಿಗೆ ಹೋಗ್ಯಾನೆ, ಯುಗಾದಿ ಹೊತ್ತಿಗೆ ಬಂದಾನು. ನಾನು ಇಸ್ಕೂಲಿನ ಬಿಸಿಯೂಟ, ಮನೆ, ಅಷ್ಟೇ. ಮೆಕ್ಕೆಜೋಳದ ಧೂಳಿಗೆ ಮೈಯೆಲ್ಲಾ ಕಡಿತ, ಕೆರೆದು ಕೆರೆದು ಸಾಕಾಗೈತೆ. ಒಲೆ ಮುಂದೆ ನಿಂತು ನಿಂತು ಪಾದ ಬಾತೈತೆ. ವಯಸ್ಸಾಯ್ತು ಬಿಡು.

ಗಾದ್ರಮ್ಮ ಅನ್ನೋ ಹೆಸರು ಈ ಕಡೆ ಮನೀಗೊಂದು ಐತೆ. ಗಂಡಂದಿರ ಹೆಸರೂ ಹಂಗೇ. ಅದಕ್ಕೆಲ್ಲ ತಲೆ ಕೆಡಿಸ್ಕೊಬ್ಯಾಡ. ನಿನ್ನವ್ವನ ನಾನೇ ಕೈಯಾರೆ ಮೈ ತೊಳೆದು ಕಳಿಸೀನಿ. ಈ ಸಲ ಹಿರೇರ ಹಬ್ಬಕ್ಕೆ ಅವಳಿಗೆ ಹಸಿರು ಸೀರೆ ಇಟ್ಟಿದ್ದೆ. ವರ್ಷಾ ಇಟ್ಟಂಗೆ ಎಡೆ ಇಟ್ಟು, ಮುಂದೆ ಕೂತು, ಗಾದ್ರಕ್ಕ, ಈ ವರ್ಷಕ್ಕೆ ನಿನಗೆ ನಲವತ್ನಾಕು ಕಣೆ ಅಂದೆ. ಆಮೇಲೆ ಸೀರೆ ನಾನು ಉಟ್ಕೊಂಡೆ. ಹಿರೇರಿಗಿಟ್ಟಿದ್ದು ಉಡದೆ ಮಡಿಸಿ ಇಡಬಾರದು.

ಶೇಂಗಾ ಚಟ್ನಿಪುಡಿ ಮಾಡಿ ಬಸ್ಸಿಗೆ ಕೊಟ್ಟು ಕಳಿಸ್ತೀನಿ. ಹೊಟ್ಟೆ ತುಂಬಾ ಉಣ್ಣು.

ಆ ರಕ್ತದಾಗೆ ಏನಾರ ಬಂತಾ? ಸುಮ್ಮನೆ ಕೇಳಿದೆ.

ಕೆಂಪಕ್ಕ


ಚನ್ನಗಿರಿ
೨೯-೧೧-೨೦೨೫

ಚಿಕ್ಕಮ್ಮ,

ಚಟ್ನಿಪುಡಿ ಬಂತು. ರೂಮಿನವರೆಲ್ಲ ಖಾಲಿ ಮಾಡಿದರು. ಬಸವಾಪಟ್ಟಣದ ಪುಷ್ಪಾವತಿ ಡಬ್ಬಿಯ ತಳ ಬೆರಳಲ್ಲಿ ಒರೆಸಿ, "ನಿಮ್ಮ ಚಿಕ್ಕಮ್ಮನ್ನ ನಮ್ಮ ಮೆಸ್ಸಿಗೆ ಕರ್ಕೊಂಡ್ ಬಾರೇ, ನಾನು ಇಲ್ಲೇ ಪರ್ಮನೆಂಟ್ ಆಗ್ತೀನಿ" ಎಂದಳು.

ನೀವು ಕೇಳಿದ್ದಕ್ಕೆ ಉತ್ತರ ಕೊಡುವ ಹಾಗಿಲ್ಲ. ಆದರೂ ಹೇಳುತ್ತೇನೆ, ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನೆನ್ನೆ ಟೆಸ್ಟ್ ಹಾಕಿದರು. ಅಂಗೈಯಗಲದ ಪ್ಲೇಟಿನಲ್ಲಿ ಪುಟ್ಟ ಪುಟ್ಟ ಗುಳಿಗಳಿರುತ್ತವೆ. ಒಂದೊಂದಕ್ಕೆ ಒಬ್ಬೊಬ್ಬರ ರಕ್ತದ ತಿಳಿ. ಕೊನೆಯಲ್ಲಿ ಒಂದು ನೀರು ಹಾಕಿದರೆ ಬಣ್ಣ ಬರುತ್ತದೆ, ಹುಡುಕುತ್ತಿರುವ ಪ್ರೋಟೀನ್ ಹೆಚ್ಚಿದ್ದಷ್ಟೂ ಗಾಢ. ನಾವೆಲ್ಲ ಸುತ್ತ ನಿಂತಿದ್ದೆವು. ತುಂಬಾ ಗುಳಿಗಳು ಸುಮ್ಮನೆ ತಿಳಿಯಾಗಿ ಉಳಿದವು. ಒಂದೇ ಒಂದು, ಯಾರೋ ಒಳಗಿಂದ ದೀಪ ಹಚ್ಚಿದ ಹಾಗೆ ಹಳದಿಯಾಗುತ್ತಾ ಹೋಯಿತು. ನಂಬರ್ ನೋಡುವ ಮೊದಲೇ ಅದು ಯಾರದೆಂದು ನನಗೆ ಗೊತ್ತಾಯಿತು. ನೋಡಿದರೆ ನಾನೇ ಅಂಟಿಸಿದ ನಂಬರ್.

ಸುಚಿತ್ರಾ ಮೇಡಂ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಈ ಹೆಣ್ಣುಮಗಳು ಇನ್ನೂ ಓಡಾಡಿಕೊಂಡಿದ್ದರೆ ಆಶ್ಚರ್ಯ. ಬೇಗ ಹುಡುಕಬೇಕು. ಈಗ ಸಿಕ್ಕರೆ ಉಳಿಸಿಕೊಳ್ಳಬಹುದು, ಹೊಟ್ಟೆಯಲ್ಲಿ ನೀರು ತುಂಬಿ ರಕ್ತ ವಾಂತಿ ಶುರುವಾದರೆ ಕಷ್ಟ" ಎಂದರು. ಎರಡನೇ ಸಲ ರಕ್ತ ತರಲು ಕ್ಯಾಂಪಿನ ರವಿಕುಮಾರ್ ಅಣ್ಣನನ್ನು ಸೊಕ್ಕೆಗೆ ಕಳಿಸುತ್ತಾರಂತೆ.

ಈಗ ಕೇಳುತ್ತೇನೆ, ಬೈಯಬೇಡಿ. ಅವ್ವ ನಿಜವಾಗಿ ಹೋಗಿದ್ದಾಳಾ? ನಾನು ಆರನೇ ಕ್ಲಾಸು, ಹೊನ್ನಾಳಿ ಹಾಸ್ಟೆಲಿನಲ್ಲಿದ್ದೆ. ನೀವು ನನ್ನನ್ನು ಕರೆಸಿದಾಗ ಮಣ್ಣಾಗಿ ಹೋಗಿತ್ತು. ನಾನು ನೋಡಿದ್ದು ಮಣ್ಣಿನ ಗುಡ್ಡೆ ಮಾತ್ರ. ನೀವು ಮೈ ತೊಳೆದೆ ಅನ್ನುತ್ತೀರಿ, ನಂಬುತ್ತೇನೆ. ಆದರೆ ಎಲ್ಲಾದರೂ ಆಸ್ಪತ್ರೆಯಲ್ಲೋ, ಆಶ್ರಮದಲ್ಲೋ ಬಿಟ್ಟು, ನನಗೆ ಹೇಳಬಾರದೆಂದು ಹಾಗೆ ಹೇಳಿದಿರಾ? ಅವಳಿಗೂ ಕಾಮಾಲೆಯೇ ಅಲ್ಲವಾ ಆಗಿದ್ದು? ಹೊಟ್ಟೆ ಬಾತಿತ್ತಲ್ಲವಾ?

ಇನ್ನೊಂದು ಹುಚ್ಚು ವಿಷಯ. ಫ್ರಿಜ್ಜಿನಲ್ಲಿ ಆ ಟ್ಯೂಬಿನ ನಂಬರನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೆ. ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಕಡೆಗೆ ಮುಖ ಮಾಡಿತ್ತು. ಎರಡು ಸಲ ಹೀಗಾಯಿತು. ಪುಷ್ಪಾವತಿ ನೋಡಿ, "ಅದನ್ನ ಯಾಕೆ ಹಂಗೆ ದಿಟ್ಟಿಸ್ತೀಯ, ನಿನ್ನ ಲವ್ವರ್ ರಕ್ತಾನಾ" ಎಂದಳು. ನನಗೆ ನಗು ಬರಲಿಲ್ಲ. ಸೀನಿಯರ್ಸ್ ಯಾರೋ ತೆಗೆದು ಇಟ್ಟಿರುತ್ತಾರೆ.

ನಿಮ್ಮ
ದುರ್ಗಾಂಬಿಕಾ


ಚನ್ನಗಿರಿ
೧೫-೧೨-೨೦೨೫

ಚಿಕ್ಕಮ್ಮ,

ಉತ್ತರ ಬರಲಿಲ್ಲ. ಭಾನುವಾರ ಫೋನಿನಲ್ಲಿ ನೀವು "ಹ್ಞೂಂ" ಬಿಟ್ಟು ಬೇರೆ ಏನೂ ಅನ್ನಲಿಲ್ಲ. ನಾನು ಅವ್ವನ ಬಗ್ಗೆ ಹಾಗೆ ಕೇಳಿದ್ದಕ್ಕೆ ಕೋಪ ಎಂದುಕೊಂಡೆ. ಸಾರಿ. ಇನ್ನು ಕೇಳುವುದಿಲ್ಲ, ಯಾಕೆಂದರೆ ಉತ್ತರ ಸಿಕ್ಕಿತು.

ನಮ್ಮನ್ನು ನ್ಯಾಮತಿ ಕಡೆ ಗೋವಿನಕೋವಿಗೆ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದರು. ಹೆಸರು ಬರೆಯುವ ಟೇಬಲ್ ನನ್ನದು. ಒಬ್ಬ ಅಜ್ಜಿ ಬಂದು ಕೂತು, ತೋಳು ಚಾಚಿ, "ನಿಂಗಮ್ಮ ಅಂತ ಬರ್ಕೊ" ಎಂದಳು. ಹಿಂದೆ ನಿಂತ ಸೊಸೆ ಕಿಸಕ್ಕನೆ ನಕ್ಕಳು.

"ಅದು ಇವ್ರ ಅತ್ತೆ ಹೆಸರು ಕಣ್ರೀ. ಸತ್ತು ಎಷ್ಟೋ ವರ್ಷ ಆಯ್ತು. ಇವ್ರ ಹೆಸರು ಅಜ್ಜಮ್ಮ."

"ಬಾಯಿ ಮುಚ್ಚೇ. ರಕ್ತ ನಂದು, ಹೆಸರು ಯಾರದಾದ್ರೆ ಇವ್ರಿಗೇನು?"

"ಅಜ್ಜಿ, ನಿಮ್ಮ ಹೆಸರೇ ಬೇಕು" ಎಂದೆ ನಾನು.

"ನೀನು ಓದಿದಾಕಿ, ನಿನಗೆ ತಿಳಿಯಂಗಿಲ್ಲ ಬಿಡವ್ವ. ರಕ್ತದ ಜೊತೆ ಹೆಸರೂ ಊರು ಬಿಟ್ಟು ಹೋದ್ರೆ, ಅಲ್ಲಿ ಸಿಕ್ಕ ರೋಗ ಆ ಹೆಸರು ಹಿಡ್ಕೊಂಡು ಮನೆ ಹುಡುಕ್ಕೊಂಡು ಬರ್ತೈತೆ. ಸತ್ತೋರ ಹೆಸರು ಕೊಟ್ರೆ ಅದು ಮಣ್ಣಿಗೆ ಹೋಗ್ತೈತೆ. ಅವ್ರಿಗೇನು, ಇನ್ನೊಂದ್ಸಲ ಸಾಯ್ತಾರಾ?"

ಸುತ್ತ ಇದ್ದವರೆಲ್ಲ ನಕ್ಕರು. ನಾನು ಪೆನ್ನು ಹಿಡಿದುಕೊಂಡು ಹಾಗೇ ಕೂತಿದ್ದೆ.

ಗೊತ್ತಾಯಿತಲ್ಲ ಚಿಕ್ಕಮ್ಮ. ನಮ್ಮೂರಲ್ಲಿ ಯಾರೋ ಅವ್ವನ ಹೆಸರು ಕೊಟ್ಟಿದ್ದಾರೆ. ಅವಳು ಎಲ್ಲೂ ಬದುಕಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅದಕ್ಕೆ ಸ್ವಲ್ಪ ಅತ್ತೆ, ಅವಳು ಹೋದಾಗ ಅಳಲಿಲ್ಲ, ಈಗ ಅತ್ತೆ. ಆಮೇಲೆ ಹೆದರಿಕೆ ಆಯಿತು. ಹಾಗಾದರೆ ಆ ಹಳದಿ ಬಣ್ಣ ಬದುಕಿರುವ ಯಾರದೋ. ಅವರಿಗೆ ಇನ್ನೂ ಗೊತ್ತಿಲ್ಲ.

ದುರುಗಮ್ಮ ಅಲ್ಲವಾ? ಬೇಸಿಗೆಯಲ್ಲಿ ಅವರ ಕಾಲು ಬಾತಿತ್ತು, ನನಗೆ ನೆನಪಿದೆ. ಅವ್ವನ ಗೆಳತಿ ಬೇರೆ, ವಯಸ್ಸು ಗೊತ್ತಿರುತ್ತದೆ. ನೀವು ಹೋಗಿ ಮೆಲ್ಲಗೆ ಕೇಳಿ. ರವಿಕುಮಾರ್ ಅಣ್ಣ ಬಂದಾಗ ಅವರು ನಿಜವಾದ ಹೆಸರು ಹೇಳಲೇಬೇಕು. ಇದು ಕಾಲೇಜಿನ ಪ್ರಶ್ನೆ ಅಲ್ಲ, ಜೀವದ್ದು.

ನಿಮ್ಮ
ದುರ್ಗಾಂಬಿಕಾ


ಸೊಕ್ಕೆ
ಜನವರಿ ೨, ೨೦೨೬

ದುರ್ಗಿ ಮಗಳೇ,

ಅಕ್ಷರ ಸೊಟ್ಟ ಐತೆ ಅಂತ ನಗಬ್ಯಾಡ. ಪೆನ್ನು ಹಿಡಿದ್ರೆ ಕೈ ಹಕ್ಕಿ ರೆಕ್ಕೆ ಬಡಿದಂಗೆ ಬಡಿತೈತೆ. ಹಗಲೆಲ್ಲಾ ನಿದ್ದೆ. ಅನ್ನಕ್ಕೆ ಉಪ್ಪು ಹಾಕಿದ್ನಾ ಇಲ್ವಾ ಅಂತ ಇಸ್ಕೂಲಿನಾಗೆ ಮಕ್ಕಳನ್ನೇ ಕೇಳ್ತೀನಿ.

ನಿನ್ನ ರವಿಕುಮಾರ ಬಂದಿದ್ದ. ಮಟಮಟ ಮಧ್ಯಾಹ್ನ, ಓಣಿಯಾಗೆ ನಾಯಿ ಸೈತ ಇರಲಿಲ್ಲ. ನಾನು ಗೋಡೆಗೆ ಒರಗಿ ಕೂತಿದ್ದೆ. ಬಾಗಿಲಾಗೆ ನಿಂತು "ಗಾದ್ರಮ್ಮ ಇದಾರೇನ್ರೀ" ಅಂದ. ಇನ್ನೊಂದು ಸಲ ಕೂಗಿದ. ಒಳಮನೆಯಿಂದ "ಬಂದೆ" ಅಂತ ಕೇಳ್ತು. ನನ್ನ ಬಾಯಿ ಮುಚ್ಚಿತ್ತು ದುರ್ಗಿ. ನಾನು ಅಂದಿದ್ದಲ್ಲ. ಅವನೂ ಕೇಳಿಸ್ಕೊಂಡು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ.

ಅಷ್ಟೊತ್ತಿಗೆ ದುರುಗಮ್ಮ ಆ ಕಡೆಯಿಂದ ಬಂದು ಅವನಿಗೆ ಬಾಯಿ ಮಾಡಿದಳು. "ಏನಪ್ಪಾ, ಗಾದ್ರಮ್ಮ ಸತ್ತು ಏಳು ವರ್ಷ ಆತು, ಅವಳ ರಕ್ತ ಯಾವ ಗುಂಡಿಯಾಗಿಂದ ತಗದ್ರಿ? ಸುಡುಗಾಡಿಗೂ ಸೂಜಿ ಹಿಡ್ಕಂಡು ಹೋಗ್ತೀರಾ?" ಅಂದಳು. ಅವನು ಬೆವೆತು ಹೋದ. ಸತ್ತಾರೆ ಅಂತ ಬರ್ಕೊಂಡು ಹೋದ.

ಇನ್ನು ಮುಗೀತು. ಚಿಂತೆ ಬಿಡು. ದುರುಗಮ್ಮ ಅಲ್ಲ. ಯಾರಾದ್ರೇನು, ಬೈಬ್ಯಾಡ ಅವಳನ್ನ. ಅನ್ನ ಬೇಯಿಸೋಳಿಗೆ ಇಂಥ ರೋಗ ಅಂತ ಗೊತ್ತಾದ್ರೆ ತಾಯಂದಿರು ಮಕ್ಕಳಿಗೆ ತಟ್ಟೆ ಮುಟ್ಟಾಕೆ ಬಿಡ್ತಾರಾ? ಇರೋದು ಅದೊಂದು ಕೆಲಸ. ಅದಕ್ಕೇ ಹೋಗೋದು ಹೋದೋಳ ಹೆಸರಲ್ಲೇ ಹೋಗ್ಲಿ ಅಂತ.

ಆದ್ರೆ ಅವತ್ತಿಂದ ಮನೆಯಾಗೆ ಇಬ್ಬರು ಇದ್ದಂಗೆ ಐತೆ. ಹಸಿರು ಸೀರೆ ಒಣ ಹಾಕಿದ್ರೆ ಯಾರೋ ಮಡಿಸಿ ಇಟ್ಟಿರ್ತಾರೆ. ಕೆಂಪಿ ಎಲ್ಲಿಗೆ ಹೋದಳು ಅಂತ ಹುಡುಕ್ತೀನಿ, ಸಿಗಲ್ಲ.

ನಿನ್ನ ಹೊನ್ನಾಳಿ ಹಾಸ್ಟೆಲಿಗೆ ಬಿಟ್ಟು ಬರುವಾಗ ನೀನು ಅಳಲಿಲ್ಲ. ಗೇಟಿನ ಸರಳು ಹಿಡ್ಕಂಡು ನಿಂತಿದ್ದಿ, ಎಡಗಾಲಿನ ಚಪ್ಪಲಿ ಕಿತ್ತಿತ್ತು, ಪಿನ್ನು ಹಾಕಿ ಕೊಟ್ಟಿದ್ದೆ. ನಾನು ಬಸ್ಸಿನಾಗೆ ಜಗಳೂರು ಬರೋ ತನಕ ಅತ್ತೆ. ಇದನ್ನ ನಿನಗೆ ಯಾವತ್ತೂ ಹೇಳಿರಲಿಲ್ಲ.

ಹೊಟ್ಟೆ ತುಂಬಾ ಉಣ್ಣು.

ಗಾದ್ರಮ್ಮ


ಚನ್ನಗಿರಿ
೦೮-೦೧-೨೦೨೬

ಚಿಕ್ಕಮ್ಮ,

ನಿನ್ನ ಪತ್ರ ನೆನ್ನೆ ಬಂತು. ನೀನು ಅಂತಲೇ ಬರೆಯುತ್ತೇನೆ ಇನ್ನು ಮೇಲೆ.

ಕೊನೆಯಲ್ಲಿ ನೀನು ಯಾವ ಹೆಸರು ಬರೆದಿದ್ದೀಯ ನೋಡಿಕೊಂಡೆಯಾ? ನಾನು ಅದನ್ನು ಓದಿ ಹಾಳೆಯನ್ನು ದಿಂಬಿನ ಕೆಳಗಿಟ್ಟು, ಮತ್ತೆ ತೆಗೆದು, ಮತ್ತೆ ಓದಿದೆ. ನನ್ನನ್ನು ಹೊನ್ನಾಳಿಗೆ ಬಿಟ್ಟಿದ್ದು ನೀನಲ್ಲ. ಅವ್ವ. ಆ ದಿನ ನಿನಗೆ ಜ್ವರ, ನೀನು ಊರಲ್ಲೇ ಇದ್ದೆ. ಚಪ್ಪಲಿಯ ಪಿನ್ನು ನನಗೂ ಅವ್ವನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವಳು ನಿನಗೆ ಹೇಳಿರಬೇಕು. ಅಕ್ಕ ತಂಗಿ ಅಂದಮೇಲೆ ಹೇಳಿಯೇ ಇರುತ್ತಾಳೆ. ಹಾಗೇ ಅಂದುಕೊಳ್ಳುತ್ತೇನೆ.

ಮಧ್ಯಾಹ್ನ ಅಳುತ್ತಾ ವಾರ್ಡನ್ ಹತ್ತಿರ ಹೋಗಿ ಫೋನ್ ಕೇಳಿದೆ. ಭಾನುವಾರ ಅಲ್ಲದಿದ್ದರೂ ಕೊಟ್ಟರು. ನೀನೇ ಎತ್ತಿದೆ. "ಚಿಕ್ಕಮ್ಮಾ" ಎಂದೆ. ನೀನು, "ಕೆಂಪಿ ಮನೆಯಾಗಿಲ್ಲವ್ವ, ನೀನ್ಯಾರು" ಎಂದೆ. ಧ್ವನಿ ನಿನ್ನದೇ. ಆಮೇಲೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ಲ್ಯಾಬಿಗೆ ಹೋದರೆ ಕಂಪ್ಯೂಟರಿನಲ್ಲಿ ಅವ್ವನ ನಂಬರ್ ಮುಂದೆ "ಮೃತ" ಎಂದು ಬಂದಿತ್ತು. ಮೃತರಾದರೆ ಆ ಸಾಲು ಮುಚ್ಚಿಬಿಡುತ್ತಾರೆ. ಯಾರೂ ಹುಡುಕುವುದಿಲ್ಲ, ಯಾರೂ ಬರುವುದಿಲ್ಲ, ಮಾತ್ರೆಯೂ ಇಲ್ಲ. ಟ್ಯೂಬನ್ನು ಎಸೆಯುವ ಕೆಂಪು ಕವರಿಗೆ ಹಾಕಿಟ್ಟಿದ್ದರು. ಗೋವಿನಕೋವಿ ಅಜ್ಜಿ ಹೇಳಿದ್ದು ಸರಿಯಾಗಿಯೇ ಇದೆ ಚಿಕ್ಕಮ್ಮ. ಸತ್ತವರ ಹೆಸರು ಕೊಟ್ಟರೆ ಮಣ್ಣಿಗೆ ಹೋಗುತ್ತದೆ. ಆದರೆ ರೋಗ ಒಂದೇ ಹೋಗುವುದಿಲ್ಲ, ಔಷಧಿಯೂ ಅದರ ಹಿಂದೆಯೇ ಹೋಗುತ್ತದೆ.

ಆಗ ಸುಚಿತ್ರಾ ಮೇಡಂಗೆ ಎಲ್ಲ ಹೇಳಿಬಿಟ್ಟೆ. ಚೀಟಿ ಓದಿದ್ದು, ನಿನಗೆ ಬರೆದದ್ದು, ಎಲ್ಲಾ. ಕಾಲೇಜಿನಿಂದ ತೆಗೆಯುತ್ತಾರೋ ಗೊತ್ತಿಲ್ಲ. "ಅದನ್ನು ಆಮೇಲೆ ನೋಡೋಣ, ಮೊದಲು ಪತ್ರ ಕೊಡು" ಎಂದರು. ನಿನ್ನ ಅಕ್ಷರ ನೋಡಿದರು. ಕೈ ರೆಕ್ಕೆ ಬಡಿಯುವುದು, ಹಗಲು ನಿದ್ದೆ, ತಾನು ಯಾರೆಂದು ಮಸುಕಾಗುವುದು, ಎಲ್ಲಕ್ಕೂ ಕಾರಣ ಇದೆಯಂತೆ. ಲಿವರ್ ಸೋತರೆ ಅದು ತಡೆಯಬೇಕಾದ ವಿಷ ತಲೆಗೆ ಏರುತ್ತದೆ. ಇದನ್ನು ಇಳಿಸಲು ಔಷಧಿ ಇದೆ. ಆದರೆ ತಡ ಮಾಡುವ ಹಾಗಿಲ್ಲ. ಒಳಮನೆಯಿಂದ "ಬಂದೆ" ಅಂದದ್ದು ರವಿಕುಮಾರ್ ಅಣ್ಣನಿಗೆ ಹೇಗೆ ಕೇಳಿಸಿತು ಎಂದು ಕೇಳಿದೆ. ಮೇಡಂ ಪತ್ರ ಮಡಚಿ ಕೊಟ್ಟು, ದಾವಣಗೆರೆಯ ಆಸ್ಪತ್ರೆಗೆ ಫೋನ್ ಮಾಡಲು ಎದ್ದರು.

ನಿನಗೆ ಬಂದಿರುವುದು ಒಂದು ವೈರಸ್ಸಿನಿಂದ ಇರಬಹುದು, ಅವ್ವನಿಗೂ ಅದೇ ಇದ್ದಿರಬಹುದು ಎಂದರು. ಅದು ತಾಯಿಯಿಂದ ಮಗುವಿಗೆ ಹುಟ್ಟುವಾಗಲೇ ಬರುತ್ತದೆ. ಅಜ್ಜಿಯಿಂದ ನಿಮ್ಮಿಬ್ಬರಿಗೆ. ಅವ್ವನಿಂದ ನನಗೂ ಇರಬಹುದು. ಅನ್ನ ಬೇಯಿಸಿ ಬಡಿಸಿದರೆ ಅದು ಯಾರಿಗೂ ಅಂಟುವುದಿಲ್ಲ. ಹೆಡ್ ಮಾಸ್ಟರಿಗೆ, ಊರಿನ ತಾಯಂದಿರಿಗೆ ತಾವೇ ಬಂದು ಹೇಳುತ್ತೇನೆ ಎಂದಿದ್ದಾರೆ ಮೇಡಂ. ನಿನ್ನ ಕೆಲಸದ ಬಗ್ಗೆ ಹೆದರಬೇಡ.

ಇವತ್ತು ನಾನೂ ರಕ್ತ ಕೊಟ್ಟೆ. ಚೀಟಿ ಬರೆಯುವಾಗ ಕೈ ನಿಂತಿತು. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ಅವ್ವನ ಹೆಸರು ಪೆನ್ನಿನ ತುದಿಗೆ ಬಂದಿತ್ತು. ನೀನು ಯಾಕೆ ಹಾಗೆ ಮಾಡಿದೆ ಎಂದು ಆಗ ಗೊತ್ತಾಯಿತು. ಆಮೇಲೆ ನನ್ನದೇ ಬರೆದೆ. ಪಕ್ಕದಲ್ಲಿ ಒಂದು ಖಾಲಿ ಟ್ಯೂಬಿಗೆ ನಿನ್ನ ಹೆಸರು ಸುತ್ತಿ ಇಟ್ಟಿದ್ದೇನೆ. ನಿನ್ನ ವಯಸ್ಸು ಬರೆಯಲು ಹೋದರೆ ನನಗೆ ಗೊತ್ತೇ ಇಲ್ಲ. ಅವ್ವನ ವಯಸ್ಸು ನೀನು ವರ್ಷವರ್ಷವೂ ಎಣಿಸಿದೆ, ಮೊದಲ ಪತ್ರದಲ್ಲೇ ಹೇಳಿದ್ದೆ, ಓದಿಯೂ ನನಗೆ ಹೊಳೆಯಲಿಲ್ಲ. ನಿನ್ನದನ್ನು ಯಾರೂ ಎಣಿಸಿಲ್ಲ.

ಈ ಪತ್ರವನ್ನು ರವಿಕುಮಾರ್ ಅಣ್ಣ ನಾಳೆ ಬೆಳಿಗ್ಗೆ ಗಾಡಿಯಲ್ಲಿ ತಂದು, ಅದರಲ್ಲೇ ನಿನ್ನನ್ನು ಕರೆತರುತ್ತಾರೆ. ನಾನು ಇಲ್ಲಿಂದ ಮೇಡಂ ಜೊತೆ ದಾವಣಗೆರೆಗೆ ಬಂದು ಆಸ್ಪತ್ರೆಯ ಗೇಟಿನಲ್ಲಿ ನಿಂತಿರುತ್ತೇನೆ. ಅವರು ಬಾಗಿಲಲ್ಲಿ ನಿಂತು ಕೆಂಪಕ್ಕ ಎಂದು ಕರೆಯುತ್ತಾರೆ, ಹಾಗೇ ಹೇಳಿ ಕಳಿಸಿದ್ದೇನೆ. ನೀನು ಓ ಅನ್ನಬೇಕು. ಒಳಮನೆಯಿಂದ ಬೇರೆ ಯಾರಾದರೂ ಓ ಅಂದರೆ ಕೇಳಿಸಿಕೊಳ್ಳಬೇಡ. ಅದು ಅವ್ವನೇ ಆದರೂ. ಅವಳಿಗೆ ಹೇಳು, ದುರ್ಗಿ ಕರೆದಿದ್ದಾಳೆ, ನಾನು ಹೋಗಿ ಬರುತ್ತೇನೆ, ನೀನು ಇಲ್ಲೇ ಇರು ಎಂದು. ಹಸಿರು ಸೀರೆ ಉಡಬೇಡ, ಬೇರೆ ಯಾವುದಾದರೂ ಉಟ್ಟುಕೊಂಡು ಬಾ.

ಗಾಡಿ ಹತ್ತುವ ಮೊದಲು ಇದರ ಹಿಂಬದಿಯಲ್ಲಿ ಒಂದೇ ಒಂದು ಸಾಲು ಬರೆ. ಅಕ್ಷರ ಸೊಟ್ಟ ಇದ್ದರೂ ಪರವಾಗಿಲ್ಲ. ಕೆಳಗೆ ನಿನ್ನ ಹೆಸರು ಹಾಕು, ಕೆಂಪಕ್ಕ ಎಂದು. ರವಿಕುಮಾರ್ ಅಣ್ಣ ಅದರ ಫೋಟೋ ತೆಗೆದು ಮೇಡಂ ಫೋನಿಗೆ ಕಳಿಸುತ್ತಾರೆ. ನಾನು ಫೋನ್ ಹಿಡಿದುಕೊಂಡೇ ಕೂತಿರುತ್ತೇನೆ.

ಬೇಗ ಉತ್ತರ ಬರೆ.

ದುರ್ಗಿ